ಲಿಯೋನಿಯ ಪೇಟಿ ನಡುಗಬೇಕಿತ್ತು

ಹೇವರ್ಡ್

ಆಗ ನನಗೆ ಅರವತ್ತೆರಡು. ಅದಾಗಿ ಇಪ್ಪತ್ತು ವರ್ಷದ ಮೇಲಾಯಿತು. ಇಸವಿ ಎಂಬತ್ತಾರು ಎಂದು ಪಾಸ್‌ಪೋರ್ಟಿನ ಮುದ್ರೆ ಹೇಳುತ್ತದೆ. ನನ್ನ ನೆನಪಿಗಿಂತ ಅದನ್ನೇ ನಂಬಿರಿ.

ನಾನು ಅಮೆರಿಕ ನೋಡಲು ಹೋದವಳಲ್ಲ, ಬಾಣಂತನ ಮಾಡಲು ಹೋದವಳು. ನನ್ನ ತಂಗಿ ತೀರಿಕೊಂಡಿದ್ದಳು. ಅವಳ ಮಗಳು ಸುಮಂಗಲಾ, ನಮ್ಮ ಸುಮಿ, ಅಲ್ಲಿ ಔಷಧಿ ಕಂಡುಹಿಡಿಯುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಚೊಚ್ಚಲ ಹೆರಿಗೆ. ತಾಯಿ ಇಲ್ಲದ ಮೇಲೆ ದೊಡ್ಡವ್ವನೇ ತಾಯಿ ಎಂದು ಹೊರಟೆ. ಓದಿದ್ದು ಮೂರನೇ ಇಯತ್ತೆ. ಇಂಗ್ಲಿಷ್ ಕೇಳಿದರೆ ಕೆಮ್ಮು ಬರುತ್ತಿತ್ತು.

ವಿಮಾನ ಇಳಿದಲ್ಲಿ ಒಬ್ಬ ದಪ್ಪ ಅಧಿಕಾರಿ ನನ್ನ ಚೀಲ ಬಿಚ್ಚಿಸಿದ. ಚಟ್ನಿಪುಡಿಗೆ ಏನೂ ಅನ್ನಲಿಲ್ಲ. ಅದರ ಕೆಳಗಿನ ಚರ್ಮದ ಸುರುಳಿ ಬಿಡಿಸಿ, ನನ್ನ ಕೆರೆಯುವ ಉಳಿ, ಸಣ್ಣ ಅರ, ಚಿಮಟ, ತೆಳು ಬ್ಲೇಡು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟ. ನಾನು ಎಡಗೈಯಲ್ಲಿ ತಿದಿ ಒತ್ತುವಂತೆ, ಬಲಗೈ ಬೆರಳು ಕುಣಿಸಿ, 'ಸಾ ರಿ ಗಾ' ಎಂದು ಹಾಡಿ ತೋರಿಸಿದೆ. ಹಿಂದೆ ನಿಂತ ಜನ ನಕ್ಕರು. ಅವನೂ ನಕ್ಕು ಚೀಲ ಕಟ್ಟಿಕೊಟ್ಟ.

ಆ ಸಾಮಾನು ಯಾಕೆ ಎಂದು ಹೇಳಬೇಕು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಗದಗಿನಲ್ಲಿ ನಮ್ಮದು ಪೇಟಿ ರಿಪೇರಿ ಅಂಗಡಿ. ನಾಟಕ ಕಂಪನಿಯ ಪೇಟಿ, ಭಜನಿ ಪೇಟಿ, ಮಠದ ಪೇಟಿ ಎಲ್ಲ ನಮ್ಮಲ್ಲಿಗೇ ಬರುತ್ತಿದ್ದವು. ಬೋರ್ಡಿನ ಮೇಲೆ ನನ್ನ ಗಂಡ ವೀರಪ್ಪನವರ ಹೆಸರು. ಮದುವೆಯಾದ ಎರಡನೇ ವರ್ಷ ಅವರಿಗೆ ವಿಷಮಜ್ವರ ಬಂದು ಕಿವಿ ಮಂದವಾಯಿತು. ಅಲ್ಲಿಂದ ಮುಂದೆ ಅವರು ಹೊರಗೆ ಕೂತು ಗಿರಾಕಿಗಳ ಕೂಡ ಮಾತಾಡುತ್ತಿದ್ದರು, ನಾನು ಪರದೆಯ ಹಿಂದೆ ಕೂತು ಸ್ವರ ಕೂಡಿಸುತ್ತಿದ್ದೆ. ಕೆಲಸ ಮುಗಿದ ಮೇಲೆ ಒಳಹಲಗೆಯ ಮೇಲೆ ರಿಪೇರಿ ಮಾಡಿದವರ ಹೆಸರು ಪೆನ್ಸಿಲಿನಲ್ಲಿ ಬರೆಯುವುದು ಈ ಕಸುಬಿನ ರೂಢಿ. 'ವೀರಪ್ಪ, ಗದಗ' ಎಂದು ನಾನೇ ಬರೆಯುತ್ತಿದ್ದೆ. ಕೈ ನಡುಗದೆ ನಾನು ಬರೆಯಬಲ್ಲ ಶಬ್ದ ಅವೆರಡೇ. ಅವರು ತೀರಿಕೊಂಡ ಮೇಲೆ, 'ಮಾಸ್ತರ ಹ್ವಾದರು, ಇನ್ನ ಯಾರು ನೋಡತಾರ' ಎಂದು ಗಿರಾಕಿಗಳು ಹುಬ್ಬಳ್ಳಿಯ ದಾರಿ ಹಿಡಿದರು. ಎರಡೂ ಕಿವಿ ನೆಟ್ಟಗಿದ್ದ ನಾನು ಒಳಗೇ ಕೂತಿದ್ದೆ.

ಹೇವರ್ಡಿನ ಅಪಾರ್ಟ್‌ಮೆಂಟು ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಟ್ಟ ಹಾಗಿತ್ತು. ಹಗಲು ಅಲ್ಲಿ ಸದ್ದೇ ಇಲ್ಲ. ನಾಯಿಗಳು ಕೂಡ ಕೇಳಿಕೊಂಡು ಬೊಗಳುತ್ತಿದ್ದವು. ಒಂದು ದಿನ ಕೂಸಿಗೆ ನೀರು ಹಾಕಿ, ಹೊಗೆ ಕೊಡಲು ಕೂತೆ. ಮಾಂಸ ಸುಡಲೆಂದು ಅಂಗಡಿಯಲ್ಲಿ ಮಾರುವ ಇದ್ದಿಲನ್ನು ಅಳಿಯ ತಂದುಕೊಟ್ಟಿದ್ದ. ಬಾಣಲೆಯಲ್ಲಿ ಕೆಂಡ ಮಾಡಿ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿದೆ. ಹೊಗೆ ಮೇಲೆ ಹೋದದ್ದೇ ತಡ, ಚಾವಣಿಗೆ ಅಂಟಿಸಿದ್ದ ಬಿಳಿ ಬಿಲ್ಲೆಯೊಂದು ಚೀರತೊಡಗಿತು. ಕೂಸು ಚೀರಿತು. ಸುಮಿ ಕುರ್ಚಿ ಹತ್ತಲು ಹೋದಳು, ಬಾಣಂತಿ ಕುರ್ಚಿ ಹತ್ತಬಾರದೆಂದು ನಾನು ಅವಳನ್ನು ಎಳೆದೆ.

ಅಷ್ಟರಲ್ಲಿ ಬಾಗಿಲು ತಟ್ಟಿ ಒಬ್ಬ ಎತ್ತರದ ಹೆಂಗಸು ಒಳಗೆ ಬಂದಳು. ನನ್ನದೇ ವಯಸ್ಸು, ಗೋಧಿಗೆಂಪು ಬಣ್ಣ. ಸೀರೆ ಉಡಿಸಿದ್ದರೆ ನಮ್ಮ ಪಕ್ಕದ ರೋಣದವಳೆಂದು ನಂಬುತ್ತಿದ್ದೆ. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, ಕಿಟಕಿ ತೆಗೆದು, ಟವೆಲಿನಿಂದ ಆ ಬಿಲ್ಲೆಗೆ ಗಾಳಿ ಹಾಕಿ ಬಾಯಿ ಮುಚ್ಚಿಸಿದಳು. ಆಮೇಲೆ ಬಾಣಲೆಯ ಹೊಗೆ ಮೂಸಿ ಏನೋ ಅಂದಳು.

"ಅವರ ಊರಾಗೂ ಅಜ್ಜಿ ಹಿಂಗ ಹೊಗಿ ಹಾಕತಿದ್ಲಂತ," ಎಂದಳು ಸುಮಿ. "ದೊಡ್ಡವ್ವ, ಇಕಿ ಲಿಯೋನಿ. ನಮ್ಮ ಲ್ಯಾಬಿನಾಗ ಗಾಜಿನ ಸಾಮಾನ ತೊಳೀತಾಳ. ಶನಿವಾರ ಅಕಾರ್ಡಿಯನ್ ಬಾರಸತಾಳ."

"ಅಕಾರ್ಡಿಯನ್ ಅಂದ್ರ?"

"ಎದಿಗೆ ಕಟ್ಟಿಕೊಳ್ಳೋ ಪೇಟಿ. ನೀ ರಿಪೇರಿ ಮಾಡತಿ ಅಂತ ಲ್ಯಾಬಿನಾಗ ಹೇಳಿದ್ದೆ. ಅದಕ್ಕ ಬಂದಾಳ."

ಬಾಣಂತಿಗೆಂದು ಅವಳು ತಂದದ್ದು ಅನ್ನ ಮತ್ತು ಕೆಂಪು ಕಾಳಿನ ಹುಳಿಯಂಥದ್ದು. ಮಾಂಸ ಹಾಕಿಲ್ಲ ಎಂದು ಮೂರು ಸಲ ಹೇಳಿದಳು. ಉಂಡೆವು. ಅನ್ನ ಉಣ್ಣುವ ಜನ ಎಲ್ಲಿದ್ದರೂ ಬೇಗ ಪರಿಚಯವಾಗುತ್ತಾರೆ. ಅವಳ ಜನಕ್ಕೆ ಕ್ರಿಯೋಲರೆಂದು ಹೆಸರಂತೆ. ಆಫ್ರಿಕದವರದೂ ಫ್ರೆಂಚರದೂ ರಕ್ತ ಕೂಡಿದ ಮನೆತನ. ಲೂಯಿಸಿಯಾನಾ ಎಂಬ ಭತ್ತದ ನಾಡಿನಿಂದ, ದೊಡ್ಡ ಯುದ್ಧದ ಕಾಲಕ್ಕೆ ಹಡಗು ಕಟ್ಟುವ ಕೆಲಸ ಹುಡುಕಿ ಇಲ್ಲಿಗೆ ಬಂದವರು. ಅವರ ಕುಣಿತದ ಹಾಡಿಗೆ ಜೈಡಿಕೋ ಎನ್ನುತ್ತಾರೆ. ಆ ಹೆಸರು ಹುಟ್ಟಿದ್ದು ಅವರ ಮಾತಿನ ಬೀನ್ಸಿನಿಂದ ಎಂದಳು. ಕಾಯಿಪಲ್ಯೆಯ ಹೆಸರನ್ನು ಹಾಡಿಗೆ ಇಟ್ಟ ಜನರನ್ನು ನಾನು ಅಲ್ಲಿಯೇ ಕಂಡದ್ದು.

"ಪೇಟಿಗೆ ಏನಾಗೇತಿ?" ಎಂದೆ.

"ಒಂದು ಗುಂಡಿ ಒತ್ತಿದ್ರ ಸದ್ದ ಬರವಲ್ದಂತ. ರಿಪೇರಿ ಮಾಡೋ ಮುದುಕ ಹ್ವಾದ ಚಳಿಗಾಲದಾಗ ತೀರಿಕೊಂಡಾನ. ದೊಡ್ಡ ಅಂಗಡಿಯವರು ತಿಂಗಳ ಬೇಕು ಅಂತಾರ. ಈ ಶನಿವಾರ ಸಂಜಿಗೆ ಚರ್ಚಿನ ಹಾಲಿನಾಗ ಡ್ಯಾನ್ಸು ಐತಿ. ಇಕಿ ಹತ್ರ ಇರೂದು ಅದೊಂದ ಪೇಟಿ."

"ಹೆದರಬ್ಯಾಡ ಅಂತ ಹೇಳು," ಎಂದೆ. ಎಷ್ಟು ದಿನದ ಮೇಲೆ ಆ ಮಾತು ಆಡಿದ್ದೆನೋ.

ಸೌತ್ ಸ್ಯಾನ್ ಫ್ರಾನ್ಸಿಸ್ಕೋ

ಶನಿವಾರ ಮುಂಜಾನೆ ಹೊರಟೆವು. ಸುಮಿ ಕಾರು ನಡೆಸಿದಳು, ಕೂಸನ್ನು ಹಿಂದಿನ ಸೀಟಿನಲ್ಲಿ ಕಳ್ಳನನ್ನು ಕಟ್ಟಿದಂತೆ ಪಟ್ಟಿ ಬಿಗಿದು ಕೂರಿಸಿದಳು. ದಾರಿಯಲ್ಲಿ ಸಮುದ್ರದ ಮೇಲೆ ಹರದಾರಿಗಟ್ಟಲೆ ಉದ್ದದ ಸೇತುವೆ. ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತೆಂದು ತೆರೆದರೆ ಅರ್ಧವೂ ಆಗಿರಲಿಲ್ಲ.

ಲಿಯೋನಿಯ ಮನೆ ಗುಡ್ಡದ ಇಳಿಜಾರಿನಲ್ಲಿ. ಕೆಂಪು ಬಣ್ಣದ ಆ ಪೇಟಿಯನ್ನು ಅಡುಗೆಮನೆಯ ಮೇಜಿನ ಮೇಲೆ ಟವೆಲು ಹಾಸಿ ಇಟ್ಟಿದ್ದಳು. ಮೊಳೆಗಳನ್ನು ಕಿತ್ತು ಎರಡು ಭಾಗ ಮಾಡಿದೆ. ಒಳಗೆ ನೋಡಿ ಬಾಯಿ ತೆರೆದೆ. ನಮ್ಮ ಪೇಟಿ ಒಂದೇ ಕಡೆ ಉಸಿರಾಡುತ್ತದೆ. ಇದು ತಿದಿ ಎಳೆದಾಗ ಒಂದು ಸ್ವರ, ಒತ್ತಿದಾಗ ಇನ್ನೊಂದು. ನಮ್ಮಲ್ಲಿ ಸ್ವರ ನುಡಿಯುವ ನಾಲಗೆ ಹಿತ್ತಾಳೆಯದು, ಇಲ್ಲಿ ಉಕ್ಕಿನದು. ಹಣಿಗೆಯಂಥ ಕಟ್ಟಿಗೆಯ ತುಂಡುಗಳ ಮೇಲೆ ಜೇನುಮೇಣ ಹಾಕಿ ಒಂದೊಂದನ್ನೂ ಕೂರಿಸಿದ್ದರು. ಹಲಗೆಯ ಮೂಲೆಯಲ್ಲಿ ಪೆನ್ಸಿಲಿನ ಬರಹ. ಸತ್ತ ಮುದುಕನ ಹೆಸರಂತೆ. ಅಲ್ಲಿಯೂ ಇದೇ ರೂಢಿ.

ನುಡಿಯದ ನಾಲಗೆಯ ಕೆಳಗೆ ಮೇಣದ ಸಣ್ಣ ಚೂರು ಸಿಕ್ಕಿಕೊಂಡಿತ್ತು. ನನ್ನದೇ ತಲೆಗೂದಲು ಒಂದು ಕಿತ್ತು, ಸಂದಿಯಲ್ಲಿ ಎಳೆದು ತೆಗೆದೆ. ಸ್ವರ ಬಂತು. ಅಲ್ಲಿಗೆ ಕೈ ತೊಳೆದುಕೊಂಡು ಎದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಲಿಯೋನಿ ಸಂಜೆಯ ಅಂಗಿ ಇಸ್ತ್ರಿ ಮಾಡಲು ಒಳಗೆ ಹೋಗಿದ್ದಳು. ಸುಮಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ನಾನು ಒಂದೊಂದೇ ಸ್ವರ ನುಡಿಸಿ ನೋಡಿದೆ. ಪ್ರತಿ ಸ್ವರಕ್ಕೂ ಎರಡು ನಾಲಗೆ ಕೂಡಿ ನುಡಿಯಬೇಕು. ಆದರೆ ಒಂದು ಕೂಡ ಕೂಡುತ್ತಿರಲಿಲ್ಲ! ಎರಡರಲ್ಲಿ ಒಂದರ ಸ್ವರ ಕೂದಲೆಳೆಯಷ್ಟು ಮೇಲೆ. ಹಾಗಾದಾಗ ಸ್ವರದಲ್ಲಿ ಅಲೆ ಏಳುತ್ತದೆ, ಗಂಡ ಹೆಂಡತಿ ದನಿ ತಗ್ಗಿಸಿ ಜಗಳಾಡಿದ ಹಾಗೆ. ಆ ಅಲೆಯನ್ನು ಕೊಲ್ಲುವುದೇ ನಮ್ಮ ಕಸುಬು. ನಾನು ನಲವತ್ತು ವರ್ಷ ಮಾಡಿದ್ದು ಅದನ್ನೇ. ಪಾಪ, ಹೆಣ್ಣುಮಗಳು, ಯಾವನೋ ಕೈಗೆ ಬಂದಂತೆ ಮಾಡಿ ಕೊಟ್ಟಿದ್ದಾನೆ ಎಂದುಕೊಂಡೆ. ನಾಲಗೆಯ ಕೆಳಗೆ ಬ್ಲೇಡು ಕೊಟ್ಟು, ಬುಡದಲ್ಲಿ ಕೆರೆದು, ಮೇಲಿದ್ದ ಸ್ವರವನ್ನು ಕೆಳಗೆ ಇಳಿಸಿದೆ. ಉಕ್ಕು ಬಿರುಸು, ಬೆರಳು ನೋಯುತ್ತಿದ್ದವು. ಎರಡು ತಾಸಿನಲ್ಲಿ ನಡುವಿನ ಒಂಬತ್ತು ಸ್ವರ ನೀರಿನಂತೆ ನಿಂತವು, ಅಂಚಿನವನ್ನು ಬೆರಳು ಸೋತು ಬಿಟ್ಟೆ. ಹೆಮ್ಮೆಯಿಂದ ಮುದುಕನ ಹೆಸರಿನ ಕೆಳಗೆ 'ವೀರಪ್ಪ, ಗದಗ' ಎಂದು ಬರೆದು, ಪೇಟಿ ಕೂಡಿಸಿ ಅವಳನ್ನು ಕರೆದೆ.

ಅವಳು ಪಟ್ಟಿ ಭುಜಕ್ಕೆ ಹಾಕಿ, ತಿದಿ ಎಳೆದಳು. ನಾಲ್ಕು ಸ್ವರ ನುಡಿಸಿ ನಿಲ್ಲಿಸಿದಳು. ಇನ್ನೊಮ್ಮೆ ನುಡಿಸಿದಳು. ಮುಖ ಗೋಡೆಯಂತಾಯಿತು. ಸಣ್ಣ ದನಿಯಲ್ಲಿ ಏನೋ ಅಂದಳು.

"ಏನಂದ್ಲು?"

"ಏನಿಲ್ಲ ಬಿಡು ದೊಡ್ಡವ್ವ," ಎಂದಳು ಸುಮಿ.

"ಏನಿಲ್ಲ ಅನ್ನೋ ಮಾರಿ ಅಲ್ಲದು. ಹೇಳ."

"'ಇದು ಯಾರ ಪೇಟಿ' ಅಂತ ಕೇಳತಾಳ."

"ಬೇಸೂರ ಇತ್ತು, ಚೊಕ್ಕ ಮಾಡೀನಿ ಅಂತ ಹೇಳು."

ಸುಮಿ ಹೇಳಿದಳು. ಲಿಯೋನಿ ಕುರ್ಚಿಯ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಹೇಳುತ್ತ ಹೋದಳು, ಸುಮಿ ಕನ್ನಡ ಮಾಡುತ್ತ ಹೋದಳು.

"ಹೆಣದ ಮುಂದ ಬಾರಸೋ ಆರ್ಗನ್ ಆಗೇತಿ ಅಂತಾಳ. ಅದು ನಡುಗಬೇಕಂತ ದೊಡ್ಡವ್ವ. ಎರಡು ನಾಲಗಿ ಬ್ಯಾರೆ ಬ್ಯಾರೆ ಇದ್ರ ಅದು ನಡುಗತೈತಿ. ನಡುಗಿದ್ರ ಮಂದಿ ಕುಣೀತಾರ. ಆ ಮುದುಕ ಬೇಕಂತ ಹಂಗ ಇಟ್ಟಿದ್ನಂತ. ಎರಡು ದಿನ ಕುಂತು."

ಆಮೇಲೆ ಲಿಯೋನಿ ತನ್ನ ಹಿಂದಿನ ಕಥೆ ತೆಗೆದಳು.

ಅವಳ ಊರಲ್ಲಿ ಪೇಟಿ ಗಂಡಸರದು. ಹೆಣ್ಣು ಮುಟ್ಟುವ ಹಾಗಿರಲಿಲ್ಲ. ಅಣ್ಣ ಹೊಲಕ್ಕೆ ಹೋದಾಗ ಕದ್ದು ಕಲಿತಳು. ಇಲ್ಲಿಗೆ ಬಂದ ಮೇಲೆ ಬಟ್ಟೆ ಒಗೆಯುವ ಯಂತ್ರಗಳ ಸದ್ದಿನಲ್ಲಿ, ಯಾರಿಗೂ ಕೇಳದಂತೆ ನುಡಿಸಿದಳು. ನಾಲ್ಕು ಮಕ್ಕಳು ದೊಡ್ಡವಾದ ಮೇಲೆ ಒಂದು ಶನಿವಾರ, ಬಾರಿಸಬೇಕಾದವನು ಬರಲಿಲ್ಲವೆಂದು ಪೇಟಿ ಹಾಕಿಕೊಂಡು ಡ್ಯಾನ್ಸಿನ ಹಾಲಿನಲ್ಲಿ ಎದ್ದು ನಿಂತಳು. ಈ ಕೊಲ್ಲಿಯ ಸುತ್ತಿನ ಅವರ ಜನದಲ್ಲಿ ಹಾಗೆ ನಿಂತ ಮೊದಲ ಹೆಂಗಸು. ಗಂಡಸರು ಕೈ ಕಟ್ಟಿ ಗೋಡೆಗೆ ಒರಗಿದ್ದರಂತೆ. ಪೇಟಿ ಎರಡು ಸಲ ನಡುಗಿದ ಮೇಲೆ ಕೈ ಬಿಚ್ಚಿದರಂತೆ.

ಗಡಿಯಾರ ನೋಡಿದೆ, ಹನ್ನೆರಡು. ಡ್ಯಾನ್ಸು ಐದಕ್ಕೆ.

"ಮತ್ತ ಕೆಡಸತೀನಿ ಅಂತ ಹೇಳು," ಎಂದೆ. "ಆದ್ರ ಬುಡ ಸವದಾವು. ಸ್ವರ ಮ್ಯಾಲೆ ಏರಸಾಕ ಈಗ ತುದಿ ಕೆರೀಬೇಕು. ನಾಲಗಿ ಮುರದ್ರ ನನ್ನ ಹತ್ರ ಬ್ಯಾರೆ ಇಲ್ಲ. ಅದನ್ನೂ ಹೇಳು, ಮುಚ್ಚಬ್ಯಾಡ."

ಲಿಯೋನಿ ಪೇಟಿಯನ್ನು ನನ್ನ ಮುಂದೆ ಸರಿಸಿದಳು. ಬಿಚ್ಚಿದಾಗ ನನ್ನ ಬರಹ ಅವಳ ಕಣ್ಣಿಗೆ ಬಿತ್ತು.

"ಇದು ನಿನ್ನ ಹೆಸರ ಐತೇನು ಅಂತ ಕೇಳತಾಳ."

"ಅಲ್ಲ. ನಿನ್ನ ದೊಡ್ಡಪ್ಪಂದು."

ಸುಮಿ ಹೇಳಿದಳು. ಅವರು ಈಗಿಲ್ಲ ಎಂದೂ ಹೇಳಿದಳು. ಲಿಯೋನಿ ಹುಬ್ಬೇರಿಸಿ ಏನೋ ಕೇಳಿದಳು. ಸುಮಿಗೆ ನಗು ತಡೆಯಲಾಗಲಿಲ್ಲ. "'ಹಂಗಾರ ಸತ್ತಾಂವ ಎದ್ದು ಬಂದು ನನ್ನ ಪೇಟಿ ಕೆಡಿಸಿದ್ನೇನು' ಅಂತಾಳ."

ನಾನು ಉಳಿ ಕೈಗೆತ್ತಿಕೊಂಡೆ.

ನಾನು ಮುಟ್ಟದೆ ಬಿಟ್ಟ ಸ್ವರವೊಂದನ್ನು ಅವಳು ನುಡಿಸಿ, ಅದರ ಅಲೆ ಎಷ್ಟು ಬೇಗ ಏಳುತ್ತದೋ ಅಷ್ಟು ಬೇಗ ನನ್ನ ಮೊಣಕಾಲಿನ ಮೇಲೆ ಬೆರಳಿನಿಂದ ತಟ್ಟಿದಳು. ನಾನು ತುದಿ ಕೆರೆಯುವುದು, ಅವಳು ತಟ್ಟುವುದು. ನಿಧಾನವಾದರೆ ತಲೆ ಅಲ್ಲಾಡಿಸುತ್ತಿದ್ದಳು, ಸರಿಯಾದರೆ ಕೈ ಎತ್ತುತ್ತಿದ್ದಳು. ನಡುವೆ ಮಾತಿಲ್ಲ, ಸುಮಿಯೂ ಬೇಕಾಗಲಿಲ್ಲ. ಸರಿಯನ್ನು ತಪ್ಪು ಮಾಡುವುದು ಎಷ್ಟು ಕಷ್ಟ ಎಂದು ನನಗೆ ಅಂದು ತಿಳಿಯಿತು. ಕಿವಿ ಕೂಡಿಸು ಅನ್ನುತ್ತದೆ, ಕೈ ಅಗಲಿಸಬೇಕು. ಒಲೆಯ ಮೇಲಿನ ಕಾಳು ಸೀದು ವಾಸನೆ ಬಂತು. ಇಬ್ಬರೂ ಏಳಲಿಲ್ಲ, ಸುಮಿ ಓಡಿ ಇಳಿಸಿದಳು.

ಎಂಟು ಸರಿಹೋದವು. ಒಂಬತ್ತನೆಯದರಲ್ಲಿ ಕೈ ಒಂದು ಎಳೆ ಹೆಚ್ಚು ಹೋಯಿತು. ಅಲೆ ಮಿತಿಮೀರಿ, ಕುಡಿದವನ ನಡಿಗೆಯಂತೆ ಓಲಾಡತೊಡಗಿತು. ಇನ್ನು ಕೆರೆದರೆ ಮುರಿಯುತ್ತದೆ. ಉಳಿ ಕೆಳಗಿಟ್ಟು ಅವಳ ಮುಖ ನೋಡಿದೆ. ಅವಳು ಆ ಸ್ವರವನ್ನು ಎಳೆದು ಎಳೆದು ಕೇಳಿದಳು. ಮೂರು ಗಂಟೆಯಾಗಿತ್ತು.

"ಇರಲಿ ಬಿಡು ಅಂತಾಳ," ಎಂದಳು ಸುಮಿ.

ಓಕ್‌ಲ್ಯಾಂಡ್, ಚರ್ಚಿನ ಹಾಲು

ಅಳಿಯನೂ ಬಂದು ನಮ್ಮನ್ನು ಕೂಡಿಕೊಂಡ. ಹಾಲು ನಮ್ಮ ಕಡೆಯ ಕಲ್ಯಾಣ ಮಂಟಪದ ಊಟದ ಮನೆಯಂತಿತ್ತು, ಗೋಡೆಯ ಮೇಲೆ ಮಾತ್ರ ಶಿಲುಬೆ. ಒಂದು ಕಡೆ ದೊಡ್ಡ ಪಾತ್ರೆಗಳಲ್ಲಿ ಅನ್ನ. ಮುದುಕರು ಟೋಪಿ ಹಾಕಿ, ಬೂಟು ಹೊಳೆಯುವಂತೆ ಒರೆಸಿಕೊಂಡು ಬಂದಿದ್ದರು. ಮುದುಕಿಯರು ನನ್ನ ಸೀರೆಯ ಅಂಚು ಮುಟ್ಟಿ ನೋಡಿ, ಕೇಳದೆಯೇ ತಟ್ಟೆ ತುಂಬಿಸಿ ಕೊಟ್ಟರು.

ವೇದಿಕೆಯ ಮೇಲೆ ಒಬ್ಬ ಎದೆಗೆ ತಗಡು ಹಾಕಿಕೊಂಡು ನಿಂತಿದ್ದ. ಬಟ್ಟೆ ತಿಕ್ಕುವ ಹಲಗೆಯ ಹಾಗೆ ಅದಕ್ಕೆ ಏಣು ಏಣು. ಎರಡೂ ಕೈಯಲ್ಲಿ ಚಮಚ. ಇದೇನು ಅಗಸರ ಮೇಳವೇ ಎಂದು ನಾನು ನಗುತ್ತಿರುವಾಗಲೇ ಲಿಯೋನಿ ಮುಂದೆ ಬಂದಳು. ಹಳದಿ ಅಂಗಿ, ಎದೆಯ ಮೇಲೆ ಕೆಂಪು ಪೇಟಿ. ಕೆಟ್ಟರೆ ಇಷ್ಟು ಮಂದಿಯ ಮುಂದೆ ಅವಳು ಕೆಡಬೇಕು, ನಾನಲ್ಲ.

ಅವಳು ಕಾಲಿನಿಂದ ನೆಲ ಎರಡು ಸಲ ಬಡಿದು, ತಿದಿ ಎಳೆದಳು.

ಏನು ಹೇಳಲಿ? ನಾನು ಪೇಟಿಗಳ ನಡುವೆಯೇ ಮುದುಕಿಯಾದವಳು. ಕಂಪನಿ ನಾಟಕಗಳಲ್ಲಿ ಪೇಟಿ ಮಾಸ್ತರರು ಕಾಲಿನಿಂದ ತಿದಿ ತುಳಿದು ನುಡಿಸುವ ಒಂದು ಕಾಲಪೇಟಿಯಿಂದ ಸಾವಿರ ಮಂದಿಯನ್ನು ಅಳಿಸಿದ್ದನ್ನು ಕೇಳಿದ್ದೇನೆ. ಇದು ಅದಲ್ಲ. ಸ್ವರ ಬಂದು ಕಿವಿಗೆ ಬೀಳಲಿಲ್ಲ, ನಾನು ಕೂತ ಕುರ್ಚಿಗೆ ಬಿತ್ತು. ಒಂದೊಂದು ಸ್ವರವೂ ಬಿಸಿಲಿನಲ್ಲಿ ಡಾಂಬರು ರಸ್ತೆ ಕಣ್ಣಿಗೆ ನಡುಗುವಂತೆ ನಡುಗುತ್ತಿತ್ತು. ಅದರ ಕೆಳಗೆ ಚಮಚ ತಗಡಿನ ಮೇಲೆ ಓಡುತ್ತಿತ್ತು, ಮುಂಗಾರಿನ ಆಲಿಕಲ್ಲು ತಗಡಿನ ಮಾಡಿಗೆ ಬಿದ್ದ ಹಾಗೆ. ಅವಳು ಹಾಡಿದ್ದು ಅವರ ಫ್ರೆಂಚಿನಲ್ಲಿ. ಸುಮಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ತಿಳಿಯಬೇಕೆಂದು ಅನ್ನಿಸಲೂ ಇಲ್ಲ.

ಇಡೀ ಹಾಲು ಎದ್ದಿತು. ಕೋಲು ಹಿಡಿದು ಬಂದವಳು ಕೋಲನ್ನು ಕುರ್ಚಿಗೆ ಒರಗಿಸಿ ಎದ್ದಳು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಹಿಡಿದು, ಸೊಂಟ ಅಲುಗದಂತೆ, ಪಾದ ಮಾತ್ರ ಚಕಚಕ ಜಾರಿಸುತ್ತ ಸುತ್ತಿದರು. ಟೋಪಿಯ ಮುದುಕನೊಬ್ಬ ನನ್ನ ಮುಂದೆ ಬಂದು ಬಾಗಿ ಕೈ ಚಾಚಿದ.

"ಹೋಗ ದೊಡ್ಡವ್ವ, ಇಲ್ಲಿ ಯಾರು ನೋಡತಾರ!" ಎಂದಳು ಸುಮಿ.

"ನೀ ನೋಡತೀಯಲ್ಲ. ಗದಗಿಗೆ ಪತ್ರ ಬರಿಯಾಕ ಅಷ್ಟ ಸಾಕು."

ನಾನು ಕುಣಿಯಲಿಲ್ಲ. ಕಾಲು ಕುಣಿಯಿತು, ಅದಕ್ಕೆ ನಾನು ಹೊಣೆಯಲ್ಲ.

ಆ ಒಂಬತ್ತನೇ ಸ್ವರಕ್ಕಾಗಿ ಕಾಯುತ್ತಿದ್ದೆ. ಅದು ಬಂದಾಗ ಅವಳು ಜಾರಿಕೊಂಡು ಹೋಗಲಿಲ್ಲ. ಅದರ ಮೇಲೆ ನಿಂತಳು. ತಿದಿಯನ್ನು ತೋಳಿನಷ್ಟು ಎಳೆದು, ಆ ಕುಡುಕ ಸ್ವರವನ್ನು ಓಲಾಡಲು ಬಿಟ್ಟಳು. ಜನ ಹೋ ಎಂದರು. ಅಂದು ಪ್ರತಿ ಹಾಡಿನಲ್ಲೂ ಅಲ್ಲಿಗೆ ಬಂದು ಬಂದು ನಿಂತಳು. ನನ್ನ ತಪ್ಪನ್ನು ಬೇರೊಬ್ಬಳು ಅಷ್ಟು ಎತ್ತರಕ್ಕೆ ಒಯ್ಯುವುದನ್ನು ನೋಡುತ್ತ ಕೂತೆ. ಗಂಡಸರ ಕೈಯಿಂದ ಕದ್ದ ವಿದ್ಯೆಯನ್ನು ಅವಳು ಎಲ್ಲರ ಮುಂದೆ ಎದೆಯ ಮೇಲೇ ಹಾಕಿಕೊಂಡು ನಿಂತಿದ್ದಳು. ನಾನು ಪರದೆಯ ಹಿಂದಿನ ಬೆಳಕನ್ನಷ್ಟೇ ಕಂಡವಳು.

ನಡುವೆ ನಿಲ್ಲಿಸಿ, ಬೆವರು ಒರೆಸಿಕೊಂಡು ಏನೋ ಹೇಳಿದಳು. ಕೊನೆಗೆ "ಗಂಗಾವಾ" ಎಂದು ನನ್ನ ಕಡೆ ಬೆರಳು ತೋರಿದಳು. ನೂರು ಮುಖ ತಿರುಗಿದವು. ಚಪ್ಪಾಳೆ ಬಿತ್ತು.

"ಏನಂದ್ಲ ಆಕಿ?"

"'ಮುಂಜಾನೆ ನನ್ನ ಪೇಟಿ ಸತ್ತಿತ್ತು. ಎಬ್ಬಿಸಿದಾಕಿ ಅಲ್ಲಿ ಕುಂತಾಳ, ಗಂಗವ್ವ ಅಂತ' ಅಂದ್ಲು." ಸುಮಿಯ ದನಿ ಒದ್ದೆಯಾಗಿತ್ತು. ಬಾಣಂತಿಯರಿಗೆ ಅಳು ಬೇಗ.

"ಕೊಂದಾಕಿನೂ ನಾನ ಅಂತ ಹೇಳಲಿಲ್ಲೇನು?"

"ಇಲ್ಲ."

ನಾನು ಸೆರಗು ಸರಿ ಮಾಡಿಕೊಂಡೆ. ಕಸುಬಿಗೆ ಕೂತಂದಿನಿಂದ ಪೇಟಿಯ ಮಾತಿನಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು. ಅದೂ ಅರ್ಧಂಬರ್ಧ ಉಚ್ಚಾರದಲ್ಲಿ.

ಸರಟೋಗಾ

ಮರುದಿನ ಭಾನುವಾರ. ಸರಟೋಗಾದಲ್ಲಿ ಮೈಸೂರು ಕಡೆಯ ಡಾಕ್ಟರೊಬ್ಬರ ಮನೆಯಲ್ಲಿ ಭಜನೆ. ಅವರ ಹಾರ್ಮೋನಿಯಂ ನಾನು ನೋಡಿಕೊಡುತ್ತೇನೆಂದು ಸುಮಿ ಮೊದಲೇ ಮಾತು ಕೊಟ್ಟಿದ್ದಳು. ಮುಂಜಾನೆಯೇ ಹೋದೆವು. ಡಾಕ್ಟರ ಹೆಂಡತಿ ಕಾಫಿ ತಂದಿಟ್ಟರು.

"ಬನ್ನಿ ಅಜ್ಜಿ. ನಿಮ್ಮ ಯಜಮಾನ್ರು ದೊಡ್ಡ ಹೆಸರುವಾಸಿಯಂತೆ ಇದರಲ್ಲಿ? ಅವರ ಹತ್ರ ನೀವೂ ಸ್ವಲ್ಪ ಕಲ್ತ್ಕೊಂಡ್ರಾ?"

"ಅವರು ಗಿರಾಕಿಗಳ ಕೂಡ ಮಾತಾಡತಿದ್ರು," ಎಂದೆ. "ಕೆಲಸ ನಾ ಮಾಡತಿದ್ದೆ."

ಅವರು ಬಿಸ್ಕೀಟು ತರಲು ಹೋದರು.

ಪೇಟಿ ಬಿಚ್ಚಿ, ಧೂಳು ಒರೆಸಿ, ಭಜನೆಯವರಿಗೆ ಬೇಕಾದಂತೆ ಒಂದೊಂದು ಅಲೆಯನ್ನೂ ಕೊಂದೆ. ಇದು ನಡುಗುವ ಪೇಟಿಯಲ್ಲ, ಇದಕ್ಕೆ ಅದೇ ಸರಿ. ಎಲ್ಲ ಮುಗಿದ ಮೇಲೆ ಚೀಲದಿಂದ ಪೆನ್ಸಿಲು ತೆಗೆದೆ. ಮೊನೆ ಮೊಂಡಾಗಿತ್ತು, ಉಳಿಯಿಂದ ಹೆರೆದೆ. ಒಳಹಲಗೆಯ ಮೂಲೆಯಲ್ಲಿ 'ಗಂಗವ್ವ, ಗದಗ' ಎಂದು ಬರೆದೆ. ಗದಗ ನೆಟ್ಟಗೆ ಬಂತು. ಗಂಗವ್ವ ರೂಢಿಯಿಲ್ಲದ ಅಕ್ಷರ, ಸೊಟ್ಟ ಬಂತು. ಅಳಿಸಿ ತಿದ್ದಲಿಲ್ಲ. ಹಲಗೆ ಮುಚ್ಚಿ ತಿರುಪು ಬಿಗಿದೆ.